ತಕಾಮಿನೆ ಬಗ್ಗೆ ಬರೆಯುತ್ತಿರುವ ಸುಮಾಗೆ

ಪ್ರೀತಿಯ ಸುಮಾ,

ಜಪಾನಿನ ಚಿತ್ರನಟಿ ಹಿದೆಕೊ ತಕಾಮಿನೆ ಮೇಲೆ ನೀನು ಬರೆದ ಲೇಖನ ಓದಿದೆ. ಆರಿಸಿಕೊಂಡ ವ್ಯಕ್ತಿ ಚೆನ್ನಾಗಿದೆ. ಆದರೆ ಮೊದಲ ಪುಟದಲ್ಲೇ ‘ಮೇರು ನಟಿ’, ‘ಅಪ್ರತಿಮ ಪ್ರತಿಭೆ’, ‘ಕಣ್ಣಲ್ಲೇ ಮಾತಾಡುವವರು’ ಅಂತೆಲ್ಲ ಬಂದುಬಿಟ್ಟಿದೆ. ಈ ಮಾತು ಯಾವ ನಟಿಗೆ ಹೇಳಿದರೂ ನಡೆಯುತ್ತೆ, ಅಲ್ವಾ? ಅವನ್ನು ಹೊಡೆದುಹಾಕು. ಆ ಜಾಗದಲ್ಲಿ ದುಡ್ಡಿನ ವಿಷಯ ಬರೆ.

ತಕಾಮಿನೆ ಹುಟ್ಟಿದ್ದು 1924ರಲ್ಲಿ, ಹೊಕ್ಕೈಡೊ ದ್ವೀಪದ ಹಕೊಡಾಟೆಯಲ್ಲಿ. ಚಿಕ್ಕವಳಿದ್ದಾಗಲೇ ತಾಯಿ ತೀರಿಹೋದರು. ಸೋದರತ್ತೆ ದತ್ತು ತೆಗೆದುಕೊಂಡು ಟೋಕಿಯೊಗೆ ಕರೆತಂದರು. ಮೂಕಿ ಚಿತ್ರಗಳ ಕಾಲದಲ್ಲಿ ಪರದೆ ಪಕ್ಕ ನಿಂತು ಕಥೆ ಹೇಳುವ ಕೆಲಸ ಮಾಡಿದ್ದವರು ಆಕೆ. ‘ಹಿದೆಕೊ ತಕಾಮಿನೆ’ ಅನ್ನುವುದು ಮೊದಲು ಆಕೆಯೇ ಇಟ್ಟುಕೊಂಡಿದ್ದ ಹೆಸರು. ಮಗು 1929ರಲ್ಲಿ ಶೋಚಿಕು ಕಂಪನಿಯ ಕಮಾಟಾ ಸ್ಟುಡಿಯೊ ಸೇರಿತು. ಹುಡುಗನ ಪಾತ್ರಗಳನ್ನೂ ಮಾಡಿತು. ಅಲ್ಲಿಂದ ಮುಂದೆ ಮನೆ ನಡೆದದ್ದು ಆ ಮಗುವಿನ ಸಂಬಳದಲ್ಲಿ. ಊರಿನ ನೆಂಟರ ಹೊಟ್ಟೆಯೂ ಅದರಲ್ಲೇ ತುಂಬಬೇಕಾಯಿತು. ಶಾಲೆಗೆ ಪುರುಸೊತ್ತೇ ಇರಲಿಲ್ಲ. ಹೊರಗಡೆ ಶೂಟಿಂಗ್‌ಗೆ ಹೊರಟಾಗ ಮೇಷ್ಟ್ರೊಬ್ಬರು ರೈಲ್ವೆ ಸ್ಟೇಷನ್ನಿಗೆ ಮಕ್ಕಳ ಪುಸ್ತಕ ತಂದುಕೊಡುತ್ತಿದ್ದರು. ಓದು ಕಲಿತದ್ದು ಹಾಗೆ. ನೀನು ಇಷ್ಟನ್ನೂ ‘ಕಷ್ಟದ ಬಾಲ್ಯ’ ಅಂತ ಮುಗಿಸಿಬಿಟ್ಟಿದ್ದೀಯ.

ನಿನ್ನ ಲೇಖನದಲ್ಲಿ 1938ರ ಚಿತ್ರ ‘ತ್ಸುಜುರಿಕಾತಾ ಕ್ಯೋಶಿತ್ಸು’ (ಅಂದರೆ ‘ಪ್ರಬಂಧದ ತರಗತಿ’) ಬರೀ ಪಟ್ಟಿಯಲ್ಲಿದೆ. ಕಾಜಿರೊ ಯಮಾಮೊತೊ ನಿರ್ದೇಶನ. ಬರೆಯುವ ಹುಡುಗಿಯಾಗಿ ನೀನು ಅದನ್ನು ಹೇಗೆ ಬಿಟ್ಟೆ? ಅದರಲ್ಲಿ ತಕಾಮಿನೆ ತಗಡಿನ ಕೆಲಸದವನ ಮಗಳು. ಕಂಡದ್ದನ್ನು ಕಂಡ ಹಾಗೆ ಬರೆ ಅಂತ ಶಾಲೆಯಲ್ಲಿ ಹೇಳಿಕೊಡುತ್ತಾರೆ. ಹುಡುಗಿ ಹಾಗೇ ಬರೆಯುತ್ತಾಳೆ. ಅಪ್ಪನಿಗೆ ಕೆಲಸ ಕೊಡಿಸುವ ಮನುಷ್ಯ ಜಿಪುಣ ಅಂತ ನೆರೆಮನೆಯವರು ಆಡಿದ ಮಾತನ್ನೂ ಸೇರಿಸುತ್ತಾಳೆ. ಅದು ಪತ್ರಿಕೆಯಲ್ಲಿ ಅಚ್ಚಾಗುತ್ತದೆ. ಅಪ್ಪನ ಅನ್ನಕ್ಕೇ ಸಂಚಕಾರ. ಮಸಾಕೊ ತೊಯೊಡಾ ಎಂಬ ಹುಡುಗಿ ನಿಜವಾಗಿ ಬರೆದ ಪ್ರಬಂಧಗಳಿಂದ ಮಾಡಿದ ಚಿತ್ರ ಅದು. ಮನೆಯವರ ಬಗ್ಗೆ ಬರೆಯಬಹುದಾ ಅಂತ ನೀನು ಕೇಳಿದ್ದೀಯಲ್ಲ, ಮೊದಲು ಇದನ್ನು ನೋಡು. ಆಮೇಲೆ ಮಾತಾಡೋಣ.

ನಡುವಿನ ವರ್ಷಗಳನ್ನು ಬೇಗ ದಾಟಬಹುದು. ಯುದ್ಧದ ನಂತರ, ತಕಾಮಿನೆ ಆಗ ಇದ್ದ ತೊಹೊ ಎಂಬ ಚಿತ್ರ ಕಂಪನಿಯಲ್ಲಿ ಮುಷ್ಕರ ಆಯಿತು. ಅವರು ಹೊರಬಂದು ಹೊಸ ಕಂಪನಿ ಶಿನ್‌ತೊಹೊ ಸೇರಿದರು. 1950ರಲ್ಲಿ ಅದನ್ನೂ ಬಿಟ್ಟು ಸ್ವತಂತ್ರವಾಗಿ ಕೆಲಸ ಮಾಡತೊಡಗಿದರು. ನಟರನ್ನು ಕಂಪನಿಗಳೇ ಕಟ್ಟಿಹಾಕಿಕೊಳ್ಳುತ್ತಿದ್ದ ಕಾಲದಲ್ಲಿ ಇದು ಸಣ್ಣ ಧೈರ್ಯ ಅಲ್ಲ. ಜಪಾನಿನ ಮೊದಲ ಪೂರ್ಣಾವಧಿ ಬಣ್ಣದ ಚಿತ್ರದಲ್ಲಿ, 1951ರಲ್ಲಿ, ನಾಯಕಿ ಇವರೇ. ಕೇಸುಕೆ ಕಿನೋಶಿತಾ ನಿರ್ದೇಶಕರು. ಕಿನೋಶಿತಾರ ಸಹಾಯಕರಾಗಿದ್ದ ಝೆಂಝೊ ಮತ್ಸುಯಾಮಾರನ್ನು ತಕಾಮಿನೆ 1955ರಲ್ಲಿ ಮದುವೆಯಾದರು. ಮದುವೆಯಾದ ಮೇಲೂ ನಟನೆ ಬಿಡಲಿಲ್ಲ. ಪ್ರಶಸ್ತಿಗಳಿಗೆ ನೀನು ಒಂದು ಪುಟ ಕೊಟ್ಟಿದ್ದೀಯ. ಎರಡು ಸಾಲು ಸಾಕು.

ಆದರೆ ನಿರ್ದೇಶಕ ಮಿಕಿಯೊ ನರುಸೆ ಹತ್ತಿರ ನಿಲ್ಲು. ಇಬ್ಬರೂ ಸೇರಿ 17 ಚಿತ್ರ ಮಾಡಿದರು. ನರುಸೆ ಮಹಾ ಮೌನಿ. ಹೀಗೆ ಮಾಡು, ಹಾಗೆ ಮಾಡು ಅಂತ ನಟರಿಗೆ ಹೆಚ್ಚು ಹೇಳುವವರೇ ಅಲ್ಲ. ಸೆಟ್ಟು ಬೇಡ, ಬಣ್ಣ ಬೇಡ, ಹಿಂದೆ ಬಿಳಿ ಪರದೆ ಕಟ್ಟಿ ತಕಾಮಿನೆಯನ್ನು ಇಟ್ಟುಕೊಂಡು ಒಂದು ಚಿತ್ರ ಮಾಡಬೇಕು ಅಂತ ಕೊನೆಗಾಲದಲ್ಲಿ ಅವರಿಗೊಂದು ಆಸೆಯಿತ್ತು. ಆಗಲಿಲ್ಲ. 1969ರಲ್ಲಿ ಹೋಗಿಬಿಟ್ಟರು. ವರ್ಣನೆ ತುಂಬುವ ಚಪಲ ನಿನಗೆ ಜಾಸ್ತಿ. ಅದಕ್ಕೇ ಇದನ್ನು ಹೇಳಿದೆ.

ಇದೇ ನರುಸೆ 1962ರಲ್ಲಿ ಫುಮಿಕೊ ಹಯಾಶಿ ಎಂಬ ಲೇಖಕಿಯ ಬದುಕನ್ನು ಚಿತ್ರ ಮಾಡಿದರು. ಹೊಟ್ಟೆಪಾಡಿಗೆ ಸಿಕ್ಕ ಸಿಕ್ಕ ಕೆಲಸ ಮಾಡುತ್ತಾ ಬರೆದ ಹೆಂಗಸು ಆಕೆ. ಆ ಪಾತ್ರದಲ್ಲಿ ತಕಾಮಿನೆ ಚೆಂದ ಕಾಣುವ ಗೋಜಿಗೇ ಹೋಗಿಲ್ಲ. ಹುಬ್ಬು ಇಳಿಬಿಟ್ಟ, ಬೆನ್ನು ಬಾಗಿಸಿದ, ಸ್ವಲ್ಪ ಸಿಡುಕಿನ ಹೆಂಗಸು. ನನಗಂತೂ ಅವರ ಪಾತ್ರಗಳಲ್ಲಿ ಇದೇ ಹೆಚ್ಚು ಇಷ್ಟ. ಬಡ ಲೇಖಕಿ ಅಂದರೆ ಪಾಪ ಅನ್ನಿಸಲೇಬೇಕು ಅಂತ ಯಾರು ಹೇಳಿದರು?

ಇನ್ನು ಅವರದೇ ಬರಹ. ನಿನ್ನ ಲೇಖನ ಎಡವುವುದು ಇಲ್ಲೇ. ಗಂಡ ಚಿತ್ರಕಥೆ ಹೇಳುತ್ತಾ ಹೋದರೆ ಇವರು ಕೂತು ಬರೆದುಕೊಳ್ಳುತ್ತಿದ್ದರು. ಸಾಕುತಾಯಿಯ ಕಥೆ, ದುಡ್ಡಿನ ಜಗಳ, ಸ್ಟುಡಿಯೊ, ಯುದ್ಧ, ಎಲ್ಲವನ್ನೂ ಬರೆದ ಆತ್ಮಕಥೆ 1976ರಲ್ಲಿ ಪುಸ್ತಕವಾಗಿ ಬಂತು. ಜಪಾನಿನ ಪ್ರಬಂಧಕಾರರ ಸಂಘದ ಪ್ರಶಸ್ತಿಯೂ ಸಿಕ್ಕಿತು. ತನ್ನನ್ನು ದುಡಿಸಿಕೊಂಡ ಸಾಕುತಾಯಿಯನ್ನು ಅದರಲ್ಲಿ ದೇವರೂ ಮಾಡಿಲ್ಲ, ರಾಕ್ಷಸಿಯೂ ಮಾಡಿಲ್ಲ. 1979ರಲ್ಲಿ ನಟನೆ ನಿಲ್ಲಿಸಿದರು, ಬರೆಯುವುದನ್ನು ನಿಲ್ಲಿಸಲಿಲ್ಲ. 2010ರ ಡಿಸೆಂಬರಿನಲ್ಲಿ ತೀರಿಕೊಳ್ಳುವ ಹೊತ್ತಿಗೆ ಪ್ರಬಂಧಗಳ ಎಷ್ಟೋ ಪುಸ್ತಕ ಬಂದಿದ್ದವು. ನೀನು ‘ನಂತರ ಬರವಣಿಗೆಯಲ್ಲೂ ತೊಡಗಿಸಿಕೊಂಡರು’ ಅಂತ ಒಂದೇ ಸಾಲು ಹಾಕಿದ್ದೀಯ. ಅದನ್ನು ಕೊನೆಯಿಂದ ಎತ್ತಿ ಮೊದಲಿಗೆ ತಾ. 1938ರ ಆ ಹುಡುಗಿ, 1962ರ ಆ ಲೇಖಕಿ, 1976ರ ಈ ಪುಸ್ತಕ, ಈ ಮೂರರ ಸುತ್ತ ಲೇಖನ ಮತ್ತೆ ಕಟ್ಟು. ಉಳಿದ ಚಿತ್ರಗಳಲ್ಲಿ ಬೇಕಾದದ್ದು ತಾನೇ ಬಂದು ಸೇರಿಕೊಳ್ಳುತ್ತದೆ. ಬಾರದ್ದನ್ನು ಬಿಡು. ಬರೆದಾದ ಮೇಲೆ ಕಳಿಸು, ಅವಸರ ಇಲ್ಲ.

ಪ್ರೀತಿಯಿಂದ,
ನಿನ್ನ ಮೇಡಂ