0.099 ಸೆಕೆಂಡಿಗೆ ಓಟಗಾರನನ್ನು ಹೊರಗೆ ಹಾಕೋದು ಸರಿನಾ?

ಸಂಪಾದಕರಿಗೆ ನಮಸ್ಕಾರ,

ಓಟಗಾರ ಸಮಯಕ್ಕೆ ಮೊದಲೇ ಹೊರಟು ಹೊರಬಿದ್ದರೆ ನಿಮ್ಮ ಕ್ರೀಡಾ ಪುಟದಲ್ಲಿ 'ಫಾಲ್ಸ್ ಸ್ಟಾರ್ಟ್, ಅನರ್ಹ' ಅಂತ ಒಂದೇ ಸಾಲಲ್ಲಿ ಸುದ್ದಿ ಮುಗಿದುಹೋಗುತ್ತದೆ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯಿರಿ ಅಂತ ಕೇಳೋಕೆ ಈ ಪತ್ರ.

2022ರ ಜುಲೈನಲ್ಲಿ ಅಮೆರಿಕದ ಯೂಜೀನ್‌ನಲ್ಲಿ ವಿಶ್ವ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್ ನಡೆಯಿತು. ಅದೇ ಊರಿನ ವಿಶ್ವವಿದ್ಯಾಲಯದಲ್ಲಿ ಓದಿದ್ದ ಡೆವೊನ್ ಅಲೆನ್, 110 ಮೀಟರ್ ಹರ್ಡಲ್ಸ್ ಫೈನಲ್‌ನಲ್ಲಿ ಓಟ ಶುರುವಿನ ಸದ್ದು ಬಂದ 0.099 ಸೆಕೆಂಡಿಗೆ ಹೊರಟರು. ನಿಯಮದ ಗಡಿ 0.100. ಅಷ್ಟಕ್ಕೇ ಹೊರಗೆ ಹಾಕಿದರು! ಅದಕ್ಕಿಂತ ಬೇಗ ಸದ್ದು ಕೇಳಿ ಹೊರಡೋಕೆ ಮನುಷ್ಯನಿಗೆ ಆಗಲ್ಲ, ಹೊರಟರೆ ಅದು ಬರೀ ಊಹೆ ಅನ್ನೋದು ನಿಯಮದ ಲೆಕ್ಕ.

ಆದರೆ ಸದ್ದು ಕೇಳಿ ಸ್ಪಂದಿಸೋಕೆ ಹಿಡಿಯುವ ಸಮಯ ಎಲ್ಲ ಸದ್ದಿಗೂ ಒಂದೇ ಅಲ್ಲ. ಸದ್ದು ಜೋರಾದಷ್ಟೂ ಈ ಸಮಯ ಕಡಿಮೆಯಾಗುತ್ತದೆ ಅಂತ ಫ್ರಾನ್ಸಿನ ಮನಃಶಾಸ್ತ್ರಜ್ಞ ಹೆನ್ರಿ ಪಿಯೆರಾನ್ 1914ರಷ್ಟು ಹಿಂದೆಯೇ ತೋರಿಸಿದ್ದರು. ಪ್ರಯೋಗಾಲಯದಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿದ ತಕ್ಷಣ ಗುಂಡಿ ಒತ್ತಿ ಅಂತಾರೆ. ಚೆನ್ನಾಗಿ ಕೇಳುವ ಸದ್ದಾದರೆ ಸುಮಾರು 0.15 ಸೆಕೆಂಡಿನಲ್ಲಿ ಬೆರಳು ಒತ್ತುತ್ತದೆ. ಅದೇ ಸದ್ದನ್ನು ಕೇಳಿತೋ ಇಲ್ಲವೋ ಅನ್ನುವಷ್ಟು ಸಣ್ಣದು ಮಾಡಿದರೆ ಬೆರಳು ತಡವರಿಸುತ್ತದೆ, ಒಂದು ಸಲಕ್ಕೂ ಇನ್ನೊಂದು ಸಲಕ್ಕೂ ತುಂಬಾ ವ್ಯತ್ಯಾಸ ಬರುತ್ತದೆ. ಕೇಳಿದ್ದು ನಿಜವಾಗಿಯೂ ಸದ್ದೇನಾ ಅಂತ ಮಿದುಳು ಖಾತ್ರಿ ಮಾಡಿಕೊಳ್ಳೋಕೆ ಎಷ್ಟು ಹೊತ್ತು ತಗೊಳ್ಳುತ್ತೆ ಅನ್ನೋದು ಈ ತಡದಲ್ಲೇ ಕಾಣುತ್ತದೆ, ಬರೀ 'ಕೇಳಿಸಿತು, ಕೇಳಿಸಲಿಲ್ಲ' ಅನ್ನೋ ಉತ್ತರದಲ್ಲಿ ಇದು ಸಿಗಲ್ಲ ಅಲ್ವಾ?

ಊಹೆ ಮಾಡಿ ಒತ್ತುವವರನ್ನು ಹಿಡಿಯೋಕೂ ಅಲ್ಲಿ ದಾರಿ ಇದೆ. ಸದ್ದಿನ ನಡುವಿನ ಅಂತರ ಬದಲಿಸುತ್ತಾರೆ, ನಡುನಡುವೆ ಸದ್ದೇ ಕೊಡದೆ ಕಾಯಿಸುತ್ತಾರೆ. ಓಟದಲ್ಲಿ ಹಾಗೆಲ್ಲ ಮಾಡೋಕೆ ಆಗಲ್ಲ, ಅದಕ್ಕೇ ಒಂದು ಗಡಿ ಬೇಕು, ಒಪ್ಪುತ್ತೇನೆ. ಆದರೆ ಆ ಗಡಿ ಟ್ರ್ಯಾಕಿನಲ್ಲಿ ಬಳಸುವ ಅದೇ ಸ್ಪೀಕರು, ಅದೇ ಜೋರು, ಅದೇ ಬ್ಲಾಕು (ಓಟಗಾರ ಕಾಲೊತ್ತಿ ಹೊರಡುವ ಹಲಗೆ) ಇಟ್ಟುಕೊಂಡು ಒಳ್ಳೆ ಓಟಗಾರರನ್ನು ಅಳೆದು ಬಂದಿದ್ದಾಗಿರಬೇಕು. ಬ್ಲಾಕಿನ ಮೇಲೆ ಕಾಲಿನ ಒತ್ತಡ ಎಷ್ಟಾದಾಗ 'ಹೊರಟ' ಅಂತ ಗುರುತಿಸಬೇಕು ಅನ್ನೋದೂ ಯಂತ್ರದಿಂದ ಯಂತ್ರಕ್ಕೆ ಬೇರೆಯಾಗುತ್ತದೆ, ಹೀಗಿರುವಾಗ ಸೆಕೆಂಡಿನ ಸಾವಿರದಲ್ಲಿ ಒಂದು ಭಾಗಕ್ಕೆ ಒಬ್ಬನ ಫೈನಲ್ ಕಿತ್ತುಕೊಳ್ಳೋದು ಅನ್ಯಾಯ.

2009ರಲ್ಲಿ ಬರ್ಲಿನ್‌ನಲ್ಲಿ ಬೋಲ್ಟ್ 9.58 ಸೆಕೆಂಡಿಗೆ 100 ಮೀಟರ್ ಓಡಿದಾಗ ಅವರು ಹೊರಡೋಕೆ ತಗೊಂಡಿದ್ದು 0.146 ಸೆಕೆಂಡ್. ಇಂಥ ಅಂಕಿ ಫಲಿತಾಂಶದ ಪಟ್ಟಿಯಲ್ಲೇ ಇರುತ್ತದೆ. ಮುಂದಿನ ಸಲ ಓಟದ ಸುದ್ದಿ ಹಾಕುವಾಗ ಓಟಗಾರರ ಹೆಸರಿನ ಪಕ್ಕ ಅದನ್ನೂ ಪ್ರಕಟಿಸಿ.

ನಿಮ್ಮ ಓದುಗ,
ದಾವಣಗೆರೆ