ಅವ್ವನ ಕೌದಿ ಟ್ರಂಕಿನಿಂದ ಹೊರಗೆ ಬಂತು

ಅವ್ವ ಹೋಗಿ ಮೊನ್ನೆಗೆ ಒಂದು ವರ್ಷ. ವರ್ಷದ ಕಾರ್ಯ ಮುಗಿಯಿತು, ನೆಂಟರೂ ಊರಿಗೆ ಹೊರಟರು. ಈಗ ಕೂತು ಕೆಲವರಿಗೆ ಥ್ಯಾಂಕ್ಸ್ ಹೇಳಬೇಕು. ಡಬ್ಬಿಯಲ್ಲಿ ರೊಟ್ಟಿ ಪಲ್ಯ ಕಳಿಸಿದ ಓಣಿಯವರಿಗೆ, ರಾತ್ರಿ ಫೋನ್ ಮಾಡಿ ಸುಮ್ನೆ ನನ್ನ ಮಾತು ಕೇಳಿಸಿಕೊಂಡವರಿಗೆ. ಎಲ್ಲರಿಗಿಂತ ಜಾಸ್ತಿ ಋಣ ಇರುವುದು ಒಬ್ಬ ಗೆಳತಿಯದು. ಅವಳು ಕೊಟ್ಟ ನಾಲ್ಕಾರು ಜೆರಾಕ್ಸ್ ಹಾಳೆಗಳದ್ದು.

ಅವಳು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಾಳೆ. ಅವ್ವ ಹೋದ ಎರಡನೇ ತಿಂಗಳು ಮನೆಗೆ ಬಂದಿದ್ದಳು. ಅವ್ವನ ಕೌದಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟಿದ್ದೆ. ಅವ್ವನ ವಾಸನೆ ಹೋಗಿಬಿಡುತ್ತದೆ ಎಂಬ ಹೆದರಿಕೆ. ಹೊದೆಯಲು ಕೇಳಿದ ಮಗಳಿಗೆ ಬೈದಿದ್ದೆ. ಗೆಳತಿ ಎಲ್ಲ ನೋಡಿದಳು, ಏನೂ ಅನ್ನಲಿಲ್ಲ. ಮುಂದಿನ ವಾರ ಅಮೆರಿಕದ ಕಪ್ಪು ಲೇಖಕಿ ಆಲಿಸ್ ವಾಕರ್ ಅವರ 'ಎವೆರಿಡೇ ಯೂಸ್' ಕಥೆ ತಂದು ಕೈಗಿಟ್ಟಳು.

1973ರ ಕಥೆ. ಅಮೆರಿಕದ ದಕ್ಷಿಣದ ಒಂದು ಹಳ್ಳಿಮನೆ. ಗಂಡಸಿನಂತೆ ದುಡಿದು ಕೈ ಒರಟಾದ ಕಪ್ಪು ತಾಯಿ, ಇಬ್ಬರು ಹೆಣ್ಣುಮಕ್ಕಳು. ಓದಿ ಊರು ಬಿಟ್ಟ ಡೀ ಒಂದು ದಿನ ಬಂದು ಅಜ್ಜಿಯ ಕಾಲದ ಎರಡು ಕ್ವಿಲ್ಟ್ ಕೇಳುತ್ತಾಳೆ. ಕ್ವಿಲ್ಟ್ ಅಂದರೆ ನಮ್ಮ ಕೌದಿಯೇ. ಅಜ್ಜಿಯ ಹಳೇ ಬಟ್ಟೆಗಳ ತುಂಡುಗಳ ನಡುವೆ, ಅಂತರ್ಯುದ್ಧದಲ್ಲಿ ಮುತ್ತಜ್ಜ ಹಾಕಿದ್ದ ಸಮವಸ್ತ್ರದ ಚೂರೂ ಅದರಲ್ಲಿದೆ. ಬೆಂಕಿಪೊಟ್ಟಣದಷ್ಟು ಚಿಕ್ಕದು, ಮಾಸಿದ ನೀಲಿ. ಡೀಗೆ ಅವು ತೂಗುಹಾಕಲು ಬೇಕು. ಆದರೆ ತಾಯಿ ಅವನ್ನು ಎತ್ತಿಟ್ಟಿದ್ದು ಮನೆಯಲ್ಲೇ ಉಳಿದ, ಮೈಮೇಲೆ ಸುಟ್ಟ ಕಲೆಯಿರುವ ಮ್ಯಾಗಿಯ ಮದುವೆಗೆ. ಇವಳ ಕೈಗೆ ಕೊಟ್ಟರೆ ದಿನಾ ಹೊದ್ದು ಹರಿದುಹಾಕುತ್ತಾಳೆ ಅಂತ ಡೀಗೆ ಸಿಟ್ಟು. ಅಕ್ಕನೇ ಒಯ್ಯಲಿ, ಕೌದಿ ಇಲ್ಲದೆಯೂ ನನಗೆ ಅಜ್ಜಿ ನೆನಪಿರುತ್ತಾಳೆ ಎನ್ನುತ್ತಾಳೆ ಮ್ಯಾಗಿ. ತಾಯಿ ಡೀ ಕೈಯಿಂದ ಕಸಿದು ಮ್ಯಾಗಿಯ ಮಡಿಲಿಗೆ ಹಾಕುತ್ತಾಳೆ.

ನನ್ನ ಎದೆಗೆ ನಾಟಿದ್ದು ಇನ್ನೊಂದು ಮಾತು. ಕಾಲೇಜಿಗೆ ಹೋಗುವಾಗ ಇದೇ ಡೀಗೆ ತಾಯಿ ಕೌದಿ ಕೊಡಲು ಹೋಗಿದ್ದಳು. ಹಳೇ ಕಾಲದ್ದು, ಬೇಡ ಅಂದಿದ್ದಳು ಡೀ. ನಾನೂ ಅಂದಿದ್ದೆ. ಮೊದಲ ನೌಕರಿಗೆ ಬೆಂಗಳೂರಿಗೆ ಹೊರಟ ದಿನ ಅವ್ವ ಕೌದಿ ಮಡಚಿ ಬ್ಯಾಗಿನ ಮೇಲಿಟ್ಟಿದ್ದಳು. "ಅವ್ವಾ, ಅಲ್ಲಿ ಇದನ್ನ ಯಾರು ಹೊದಕೋತಾರ?" ಅಂದೆ. ಅವಳು ಮಾತಾಡದೆ ಒಳಗೆ ಒಯ್ದಳು. ಆ ಹಾಳೆ ಹಿಡಿದು ಅತ್ತಷ್ಟು ಅವ್ವ ಹೋದ ದಿನವೂ ಅತ್ತಿರಲಿಲ್ಲ.

ಆಮೇಲೆ ಗೆಳತಿಯೇ ಅಮೆರಿಕದ ಇನ್ನೊಬ್ಬ ಕಪ್ಪು ಲೇಖಕಿ ಟೋನಿ ಮಾರಿಸನ್ ಅವರ 'ಬಿಲವ್ಡ್' ಕಾದಂಬರಿ ಕೊಟ್ಟಳು. ಮಗಳು ಮತ್ತೆ ಗುಲಾಮಳಾಗಬಾರದೆಂದು ಅವಳನ್ನು ಕೊಂದ ತಾಯಿಯ ಕಥೆ. ನಡುನಡುವೆ ಮುಚ್ಚಿಟ್ಟು ಓದಿದೆ, ಮೂರು ತಿಂಗಳು ಹಿಡಿಯಿತು. ಬಣ್ಣವೇ ಇಲ್ಲದ ಆ ಮನೆಯಲ್ಲಿ ಆ ತಾಯಿಯ ಅತ್ತೆ, ಮುದುಕಿ ಬೇಬಿ ಸಗ್ಸ್, ಬಣ್ಣಕ್ಕಾಗಿ ಹಂಬಲಿಸುತ್ತ ಮಲಗಿರುತ್ತಾಳೆ. ಅವಳ ಕೌದಿಯಲ್ಲಿ ಎರಡೇ ಎರಡು ಕಿತ್ತಳೆ ಬಣ್ಣದ ತುಂಡು. ಅಲ್ಲಿಗೆ ಪುಸ್ತಕ ಕೆಳಗಿಟ್ಟು ಟ್ರಂಕು ತೆಗೆದೆ.

ನಮ್ಮ ಕೌದಿ ಹೊಲಿದವರು ಹಳಿಯಾಳದ ಕಡೆಯ ಒಬ್ಬ ಸಿದ್ದಿ ಅಜ್ಜಿ. ಅವ್ವ ಹಳೇ ಸೀರೆಗಳನ್ನು ಗಂಟು ಕಟ್ಟಿ ಕೊಟ್ಟಿದ್ದಳು. ಸಿದ್ದಿಗಳ ಹಿರಿಯರೂ ಆಫ್ರಿಕಾದಿಂದ ಬಂದವರು, ಎಷ್ಟೋ ಜನ ಗುಲಾಮರಾಗಿ. ಅವರು ಅಂಚಿನಿಂದ ಸುತ್ತುತ್ತ ನಡುವಿಗೆ ಹೊಲಿಯುತ್ತಾರೆ. ಮೂಲೆಗಳಿಗೆ ಬಟ್ಟೆ ಮಡಚಿ ಹೂ ಕೂರಿಸುತ್ತಾರೆ. ಇಷ್ಟು ವರ್ಷ ಆ ಹೂಗಳನ್ನು ನಾನು ಕಣ್ಣಿಟ್ಟು ನೋಡಿಯೇ ಇರಲಿಲ್ಲ. ಅಜ್ಜಿಯ ಹೆಸರನ್ನೂ ಕೇಳಿರಲಿಲ್ಲ. ಗೊತ್ತಿದ್ದವಳು ಅವ್ವ ಒಬ್ಬಳೇ. ಆ ಅಜ್ಜಿ ಎಲ್ಲಿದ್ದರೂ ಅವರಿಗೆ ನನ್ನ ನಮಸ್ಕಾರ.

ಗೆಳತೀ, ಕೌದಿ ಈಗ ಮಗಳ ಹಾಸಿಗೆಯ ಮೇಲಿದೆ. ಅವ್ವನ ವಾಸನೆ ಹೋಯಿತು. ಮಗಳ ಎಣ್ಣೆ ಹಚ್ಚಿದ ತಲೆಯ ವಾಸನೆ ಬರುತ್ತದೆ. ಒಂದು ಮೂಲೆಯ ಹೂ ಬಿಚ್ಚಿಕೊಂಡಿತ್ತು. ಭಾನುವಾರ ಇಬ್ಬರೂ ಕೂತು ಹೊಲಿದೆವು. ಅದೇ ಬಣ್ಣದ ದಾರ ಸಿಗಲಿಲ್ಲ, ಕೆಂಪು ದಾರ ಹಾಕಿದ್ದೇವೆ. ಈ ಸಲ ಚಳಿಗೆ ಒಂದು ರಾತ್ರಿ ಉಳಿಯುವ ಹಾಗೆ ಬಾ. ಹೊದೆಯಲು ಅದನ್ನೇ ಕೊಡುತ್ತೇನೆ.