ಟ್ಯಾಂಕಿಯ ಮೇಲೆ ಒಂದು ಅಂಕಿ ಬರೆಸಿ: ನಮ್ಮ ಶಾಸಕರಿಗೆ ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರಗಳು.

ಕಲಾದಗಿ, ಲೋಕಾಪುರ ಸೀಮೆಯ ಊರುಗಳಲ್ಲಿ ಗೀಜರ್ ರಿಪೇರಿ ಮಾಡಿಕೊಂಡಿರುವವ ನಾನು. ಕಳೆದ ವಾರ ಒಂದು ಮನೆಯಲ್ಲಿ ಬಿಚ್ಚಿದ ಕಾಯಿಲ್ ಮೇಲೆ ಬೆರಳು ದಪ್ಪ ಸುಣ್ಣದ ಹಕ್ಕಳೆ ಕೂತಿತ್ತು. ಗೀಜರ್ ತಂದು ಎರಡು ವರ್ಷವೂ ಆಗಿರಲಿಲ್ಲ. “ತಮ್ಮಾ, ಈ ನೀರಾಗ ಬ್ಯಾಳಿ ಬೇಯಂಗಿಲ್ಲ, ಸಬಕಾರ ಬುರುಗು ಬರಂಗಿಲ್ಲ, ಇನ್ನ ನಿನ್ನ ಗೀಜರ್ ಏನ್ ಬಾಳೀತು?” ಎಂದರು ಆ ಮನೆಯ ಅಮ್ಮ. ಇಂಥ ನೀರಿನಿಂದಲೇ ನನ್ನ ಹೊಟ್ಟೆ ತುಂಬುವುದು. ಆದರೂ ನೀರು ಎಷ್ಟು ಗಡಸು ಎಂಬುದು ಊರಿಗೆ ತಿಳಿಯಲಿ ಎಂದು ಬರೆಯುತ್ತಿದ್ದೇನೆ.

ಗಡಸು ನೀರಿನ ತಪ್ಪನ್ನು ನಿಮ್ಮ ಮೇಲೆ ಹೊರಿಸುತ್ತಿಲ್ಲ, ಅದು ನೆಲದ ಗುಣ. ನಮ್ಮ ಕಾಲಡಿ ಇರುವುದು ಸುಣ್ಣದಕಲ್ಲು, ಅದರ ಜಾತಿಯದೇ ಆದ ಡೊಲೊಮೈಟ್ ಕಲ್ಲು. ಬಾಗಲಕೋಟೆಯಲ್ಲಿ ಸಿಮೆಂಟ್ ಕಾರ್ಖಾನೆ ಎದ್ದದ್ದೂ ಇದೇ ಕಲ್ಲನ್ನು ನಂಬಿ. ಮಳೆನೀರು ಮಣ್ಣಿನಲ್ಲಿ ಇಳಿಯುವಾಗ ಇಂಗಾಲದ ಡೈಆಕ್ಸೈಡ್ ಹೀರಿ ತುಸು ಹುಳಿಯಾಗುತ್ತದೆ, ಕಲ್ಲನ್ನು ಕರಗಿಸಿಕೊಂಡೇ ಬೋರಿಗೆ ಬರುತ್ತದೆ. ಕಾಯಿಸಿದರೆ ಆ ಅನಿಲ ಹಾರಿಹೋಗಿ, ಕರಗಿದ್ದದ್ದು ಮತ್ತೆ ಕಲ್ಲಾಗಿ ಕಾಯಿಲ್‌ಗೆ ಅಂಟುತ್ತದೆ.

ನನ್ನ ತಕರಾರು ಬೇರೆ. ತಮ್ಮ ನಳದ ನೀರಿನ ಗುಣ ಗೊತ್ತಿಲ್ಲದವರಿಗೆ ಯಾರು ಏನು ಬೇಕಾದರೂ ಮಾರುತ್ತಾರೆ. ನೀರು ಶುದ್ಧ ಮಾಡುವ ಆರ್‌ಒ ಯಂತ್ರ ಮಾರಲು ಬರುವ ಹುಡುಗರು ಎರಡು ಗ್ಲಾಸಿನಲ್ಲಿ ಕರೆಂಟಿನ ಕಡ್ಡಿ ಅದ್ದುತ್ತಾರೆ. ನಳದ ನೀರು ಕೆಂಪಗೆ ಕದಡುತ್ತದೆ, ಆರ್‌ಒ ನೀರು ತಿಳಿಯಾಗೇ ಇರುತ್ತದೆ. ಮನೆಮಂದಿ ಗಾಬರಿ. ಆ ಕೆಂಪು ಬಣ್ಣ ಕಡ್ಡಿಯ ಕಬ್ಬಿಣದ್ದು! ಆರ್‌ಒ ನೀರಿನಲ್ಲಿ ಲವಣ ಬಹಳ ಕಡಿಮೆ, ಕರೆಂಟ್ ಸರಿಯಾಗಿ ಹರಿಯುವುದಿಲ್ಲ, ಅಷ್ಟೇ. ಟಿಡಿಎಸ್ ಮೀಟರ್ ಕೂಡ ಒಟ್ಟು ಲವಣ ಹೇಳೀತೇ ಹೊರತು ಗಡಸು ಎಷ್ಟು ಎಂದು ಹೇಳದು. ಗಡಸುತನಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಆರೋಗ್ಯದ ಲೆಕ್ಕದಲ್ಲಿ ಮಿತಿಯನ್ನೇ ಹಾಕಿಲ್ಲ. ಅಂಜಬೇಕಾದ್ದು, ಹೆಚ್ಚಾದರೆ ಹಲ್ಲು, ಎಲುಬು ಕೆಡಿಸುವ ಫ್ಲೋರೈಡಿಗೆ. ಅದು ಕಣ್ಣಿಗೂ ಕಾಣದು, ನಾಲಿಗೆಗೂ ಸಿಗದು, ಗಡಸು ತೆಗೆಯುವ ಸಾಫ್ಟನರ್ ಯಂತ್ರ ಹಾಕಿಸಿದರೂ ಹೋಗದು.

ನಾನು ಹೋದ ಮನೆಗಳಲ್ಲಿ ಒಂದು ಉಪಾಯ ಹೇಳಿಕೊಡುತ್ತೇನೆ. ನೀರು ಕುದಿಸಿ, ಆರಿಸಿ, ಮೇಲಿನ ತಿಳಿ ಬಾಟಲಿಗೆ ಬಸಿದು, ಚೂರು ಸಬಕಾರ ಹಾಕಿ ಕುಲುಕಬೇಕು. ಬುರುಗು ಬಂದರೆ ಅದು ಕುದಿಸಿದರೆ ಹೋಗುವ ತಾತ್ಕಾಲಿಕ ಗಡಸು. ಬ್ಯಾಳಿಗೆ ಆ ತಿಳಿಯನ್ನೇ ಇಡಿ, ಗೀಜರ್ 50 ಡಿಗ್ರಿ ದಾಟಿಸಬೇಡಿ, ಪಾತ್ರೆಯ ಹಕ್ಕಳೆಗೆ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಸಾಕು. ಬುರುಗು ಬರದಿದ್ದರೆ ಸಲ್ಫೇಟ್, ಕ್ಲೋರೈಡಿನ ಶಾಶ್ವತ ಗಡಸು, ಕುದಿಸಿದರೆ ಗ್ಯಾಸ್ ದಂಡ. ಬಟ್ಟೆಗೆ ವಾಷಿಂಗ್ ಸೋಡಾ ಹಾಕಬೇಕು, ದುಡ್ಡಿದ್ದವರು ಸಾಫ್ಟನರ್ ಕೂಡಿಸಬೇಕು. ಪಟಿಕ ತಿರುವಿದರೆ ಕೆಸರು ಇಳಿದೀತು, ಗಡಸು ಇಳಿಯದು.

ಆದರೆ ಎಷ್ಟು ಗಡಸು ಎಂದು ಬಾಟಲಿ ಹೇಳದು. ಕುಡಿಯುವ ನೀರಿಗೆ ಇರುವ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಲೀಟರಿಗೆ 200 ಮಿಲಿಗ್ರಾಂವರೆಗೆ ಗಡಸು ಒಪ್ಪಿಗೆ, ಬೇರೆ ನೀರೇ ಇಲ್ಲದ ಕಡೆ 600ರವರೆಗೆ ನಡೆಯುತ್ತದೆ. ನಮ್ಮ ಊರಿನ ಅಂಕಿ ಎಷ್ಟು? ಕೇಳಿದವರಾರಿಗೂ ಗೊತ್ತಿಲ್ಲ. ಜಲಜೀವನ್ ಮಿಷನ್ನಿನಲ್ಲಿ ಪ್ರತಿ ಊರಿನ ಐವರು ಮಹಿಳೆಯರಿಗೆ ನೀರಿನ ಪರೀಕ್ಷೆ ಕಲಿಸಿ ಕಿಟ್ ಕೊಡುವ ಏರ್ಪಾಡಿದೆ. ಗಡಸು, ಫ್ಲೋರೈಡ್ ಎರಡನ್ನೂ ಆ ಕಿಟ್ಟಿನಲ್ಲಿ ನೋಡಬಹುದು.

ಆ ಕಿಟ್ಟನ್ನು ಕಪಾಟಿನಿಂದ ಹೊರಗೆ ತೆಗೆಸಿ. ಬೇಸಿಗೆಗೊಮ್ಮೆ, ಮಳೆಗಾಲದ ನಂತರ ಒಮ್ಮೆ ಪ್ರತಿ ಬೋರಿನ ನೀರು ನೋಡಿಸಿ, ಸಿಕ್ಕ ಅಂಕಿಯನ್ನು ಟ್ಯಾಂಕಿಯ ಮೇಲೆ ದೊಡ್ಡದಾಗಿ ಬರೆಸಿ. ಹೊಳೆ ನೀರೂ ಬರುವ ಊರುಗಳಲ್ಲಿ ಒಂದು ದಿನ ಹೊಳೆ, ಒಂದು ದಿನ ಬೋರು ಬಿಡುವ ಬದಲು ಎರಡನ್ನೂ ಟ್ಯಾಂಕಿಯಲ್ಲೇ ಬೆರೆಸಿ ಬಿಡಿಸಿ. 600ರ ಬೋರಿಗೆ 100ರ ಹೊಳೆ ನೀರು ಸಮಸಮ ಸೇರಿದರೆ 350ಕ್ಕೆ ಇಳಿಯುತ್ತದೆ. ಹೊಸ ಯೋಜನೆಯೇನೂ ಬೇಡ, ಎರಡು ವಾಲ್ವು ತಿರುಗಿಸುವ ಕೆಲಸ.

ಟ್ಯಾಂಕಿ ಮೇಲೆ ಬರೆಯಲು ಬಣ್ಣ, ಬ್ರಶ್ ನಾನೇ ತರುತ್ತೇನೆ. ಏಣಿಯೂ ನನ್ನ ಹತ್ತಿರ ಇದೆ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಗೀಜರ್ ರಿಪೇರಿಯವ